ತಲೆ ಅಲ್ಲಾಡಿಸಿ ಕರ್ಸರ್ ನಡೆಸುವುದು: ಸೀರೆ ಡಿಸೈನ್ ಕೆಲಸಕ್ಕೆ ಆಗುತ್ತಾ?

ಬನಹಟ್ಟಿ ಮಗ್ಗ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ತಮ್ಮನದು, ಟೈಪ್ ಮಾಡುತ್ತಿರುವವನು ನಾನು.

ನಮ್ಮದು ರಬಕವಿ-ಬನಹಟ್ಟಿ. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇವೆ. ಮಗ್ಗ ನಾನು ನೋಡಿಕೊಳ್ಳುತ್ತೇನೆ. ತಮ್ಮ ಕಂಪ್ಯೂಟರ್‌ನಲ್ಲಿ ಜಕಾರ್ಡ್ ಡಿಸೈನ್, ಅಂದರೆ ಮಗ್ಗ ನೇಯಬೇಕಾದ ನಮೂನೆ, ತೆಗೆಯುತ್ತಿದ್ದ. ದಡಿ, ಸೆರಗು, ಬುಟ್ಟಾ ಎಲ್ಲ ಅವನದೇ ಕೈ. ಕಳೆದ ವರ್ಷ ಬೈಕ್‌ನಿಂದ ಬಿದ್ದು ಕುತ್ತಿಗೆಯ ಮೂಳೆಗೆ ಪೆಟ್ಟಾಯಿತು. ಡಾಕ್ಟರು ಸಿ-5 ಮಟ್ಟ, ಅಂದರೆ ಕುತ್ತಿಗೆಯಲ್ಲಿ ಬೆನ್ನುಹುರಿಯ ಐದನೇ ಮಟ್ಟ ಅಂದಿದ್ದಾರೆ. ತಲೆ ಚೆನ್ನಾಗಿ ತಿರುಗುತ್ತದೆ. ಭುಜ ಎತ್ತುತ್ತಾನೆ. ಬಲ ಮೊಣಕೈ ಮಡಚಲು ಬರುತ್ತದೆ. ಬೆರಳು ಒಂದೂ ಆಡುವುದಿಲ್ಲ.

ಮೊನ್ನೆ ಒಂದು ವಿಡಿಯೊ ತೋರಿಸಿದ. ಹಣೆಗೆ ಚುಕ್ಕಿ ಅಂಟಿಸಿಕೊಂಡು ಕೂತಿದ್ದಾರೆ, ತಲೆ ತಿರುಗಿಸಿದ ಕಡೆ ಕರ್ಸರ್ ಓಡುತ್ತದೆ. "ಅಣ್ಣಾ, ಇದು ನನಗೂ ಬರ್ತೈತಿ" ಅಂದ. ಬಿದ್ದ ಮೇಲೆ ಅವನು ತಾನಾಗಿ ಏನಾದರೂ ಬೇಕು ಅಂದಿದ್ದು ಇದೇ ಮೊದಲು. ಹೊರದೇಶದಿಂದ ತರಿಸುವ ಸಾಧನದ ಬೆಲೆ ವಿಚಾರಿಸಿದೆ. ಕೇಳಿ ಸುಮ್ನೆ ಫೋನ್ ಇಟ್ಟೆ.

ಮನೆಯಲ್ಲಿ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಕ್ಯಾಮೆರಾ ಕೆಲಸ ಮಾಡುತ್ತದೆ. ಅದರಲ್ಲೇ ಏನಾದರೂ ಆಗುತ್ತಾ? ಕುತ್ತಿಗೆ ತಡೆಯುತ್ತಾ? ಡಿಸೈನ್ ಅಂದರೆ ಗ್ರಾಫ್ ಕಾಗದದ ಹಾಗೆ ಸಣ್ಣ ಸಣ್ಣ ಚೌಕ. ಹಾಸು (ಉದ್ದದ ನೂಲು) ಮತ್ತು ಹೊಕ್ಕು (ಅಡ್ಡ ನೂಲು) ಕೂಡುವ ಒಂದೊಂದು ಜಾಗಕ್ಕೂ ಒಂದೊಂದು ಚೌಕ. ಅಷ್ಟು ಸಣ್ಣದರ ಮೇಲೆ ತಲೆಯಿಂದ ಗುರಿ ಇಡಲು ಆಗುತ್ತಾ?

ಕ್ಯಾಂಪ್ ರೋಡ್ (ಭಾನುವಾರ ರಾತ್ರಿ, ಬೆಳಗಾವಿ)

ಆಗುತ್ತೆ ಅಣ್ಣಾ. ದುಡ್ಡು ಖರ್ಚು ಮಾಡಬೇಡಿ, ಮೊದಲು ಬಿಟ್ಟಿ ಸಿಗುವುದನ್ನು ನೋಡಿ.

ನೀವು ನೋಡಿದ ಚುಕ್ಕಿ ಬೆಳಕನ್ನು ವಾಪಸ್ ಎಸೆಯುವ ಸ್ಟಿಕರ್. ಸಾಧನವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಆ ಚುಕ್ಕಿಯನ್ನು ಹಿಂಬಾಲಿಸುತ್ತದೆ. ಹೆಡ್‌ಮೌಸ್ ಅಂತ ಬರುವುದು ಇದೇ. ಚೆನ್ನಾಗಿರುತ್ತೆ, ದುಬಾರಿ. ಇನ್ನೊಂದು ಜಾತಿ ತಲೆಗೆ ಕಟ್ಟಿಕೊಳ್ಳುವುದು. ಅದರೊಳಗೆ ಫೋನ್‌ನಲ್ಲಿ ಇರುವಂಥ ಗೈರೊ ಸೆನ್ಸರ್ ಇರುತ್ತೆ, ತಲೆ ಎಷ್ಟು ತಿರುಗಿತು ಅಂತ ಅದು ಅಳೆಯುತ್ತೆ. ಮೂರನೆಯದು ನಿಮಗೆ ಬೇಕಾದದ್ದು: ಬರೀ ವೆಬ್‌ಕ್ಯಾಮ್, ಉಳಿದದ್ದೆಲ್ಲ ಸಾಫ್ಟ್‌ವೇರ್.

ಇದರಲ್ಲಿ ಮೂರು ಹೆಸರು ಹೇಳ್ತೀನಿ. ಕ್ಯಾಮೆರಾ ಮೌಸ್ ಹಳೆಯದು, ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ಹುಟ್ಟಿದ್ದು. 2002ರಲ್ಲೇ ಇದರ ಬಗ್ಗೆ ಪ್ರಬಂಧ ಬಂದಿದೆ. ಕ್ಯಾಮೆರಾ ಚಿತ್ರದಲ್ಲಿ ಮುಖದ ಒಂದು ಜಾಗ ಆರಿಸಿಕೊಡಬೇಕು, ಮೂಗಿನ ತುದಿ ಅಂದುಕೊಳ್ಳಿ. ಆ ಜಾಗ ಹೋದ ಕಡೆ ಕರ್ಸರ್ ಹೋಗುತ್ತೆ. ಎರಡನೆಯದು ಇನೇಬಲ್ ವಯಾಕ್ಯಾಮ್. ಇದು ತಾನೇ ಮುಖ ಹುಡುಕಿಕೊಳ್ಳುತ್ತೆ, ಲಿನಕ್ಸ್‌ನಲ್ಲೂ ಓಡುತ್ತೆ. ಮೂರನೆಯದು ಗೂಗಲ್‌ನ ಪ್ರಾಜೆಕ್ಟ್ ಗೇಮ್‌ಫೇಸ್, 2023ರಲ್ಲಿ ಬಂದದ್ದು. ಲ್ಯಾನ್ಸ್ ಕಾರ್ ಅನ್ನುವ ಗೇಮರ್ ಒಬ್ಬರಿಗೆ ಸ್ನಾಯು ಕ್ಷಯಿಸುವ ಕಾಯಿಲೆ. ಅವರ ಮನೆಗೆ ಬೆಂಕಿ ಬಿದ್ದಾಗ ದುಬಾರಿ ಹೆಡ್ ಮೌಸ್ ಕೂಡ ಸುಟ್ಟುಹೋಯಿತು. ಅಲ್ಲಿಂದ ಶುರುವಾದ ಕೆಲಸ ಅದು. ಅದರಲ್ಲಿ ತಲೆಯಿಂದ ಕರ್ಸರ್ ನಡೆಸಿ, ಬಾಯಿ ತೆರೆದರೆ ಕ್ಲಿಕ್, ಹುಬ್ಬು ಏರಿಸಿದರೆ ಇನ್ನೊಂದು ಕೆಲಸ, ಹೀಗೆ ಹೊಂದಿಸಿಕೊಳ್ಳಬಹುದು.

ಹಳೇ ಲ್ಯಾಪ್‌ಟಾಪ್ ಅಂದಿರಲ್ಲ, ಮೊದಲೆರಡರಿಂದ ಶುರು ಮಾಡಿ. ಅವು ಹಗುರ.

ಗುಮ್ಮಟದ ನೆರಳು (ಸೋಮವಾರ ಬೆಳಿಗ್ಗೆ, ವಿಜಯಪುರ)

ನಾನು ಒಂಬತ್ತು ವರ್ಷದಿಂದ ತಲೆಯಿಂದಲೇ ಕಂಪ್ಯೂಟರ್ ನಡೆಸುತ್ತಿದ್ದೇನೆ. ಈ ಮೆಸೇಜ್ ಕೂಡ ಹಾಗೇ ಬರೆದದ್ದು. ಅದಕ್ಕೇ ಉದ್ದ ಬರೆಯಲು ಜಿಪುಣತನ ಮಾಡುತ್ತೇನೆ. ಇವತ್ತು ಮಾಡುವುದಿಲ್ಲ.

ತಮ್ಮನಿಗೆ ಒಂದು ಮಾತು ಹೇಳಿ. ಕರ್ಸರ್ ಓಡಿಸುವುದು ಹತ್ತು ನಿಮಿಷದಲ್ಲಿ ಬರುತ್ತದೆ. ನಿಲ್ಲಿಸುವುದು ಬರಲು ಒಂದು ತಿಂಗಳು ಬೇಕು.

ಕೈಯಲ್ಲಿ ಮೌಸ್ ಇದ್ದವರು ಬೇಡ ಅನಿಸಿದಾಗ ಕೈ ಬಿಡುತ್ತಾರೆ. ತಲೆಯನ್ನು ಎಲ್ಲಿ ಬಿಡುವುದು? ಉಸಿರಾಡಿದರೂ ಅದು ಅಲ್ಲಾಡುತ್ತದೆ. ನಗು ಬಂದರೆ ಅಲ್ಲಾಡುತ್ತದೆ. ಎಂಜಲು ನುಂಗಿದರೂ ಕರ್ಸರ್ ಒಂದು ಹೆಜ್ಜೆ ಕೆಳಗೆ ಇಳಿಯುತ್ತದೆ. ಇನ್ನು ಡ್ವೆಲ್ ಕ್ಲಿಕ್, ಅಂದರೆ ಕರ್ಸರ್ ಒಂದೇ ಕಡೆ ನಿಂತರೆ ತಾನೇ ಕ್ಲಿಕ್ ಆಗುವುದು. ಓದುತ್ತಾ ನಿಂತರೂ ಕ್ಲಿಕ್, ಯೋಚನೆ ಮಾಡುತ್ತಾ ನಿಂತರೂ ಕ್ಲಿಕ್. ಶುರುವಿನಲ್ಲಿ ನಮ್ಮ ಅತ್ತೆ ಬಾಗಿಲಲ್ಲಿ ಬಂದು "ಆರಾಮೇನಪಾ" ಅಂದರು. ತಿರುಗಿ ನೋಡಿ ತಲೆ ಆಡಿಸಿದೆ. ಅಷ್ಟರಲ್ಲಿ ಅರ್ಧ ಬರೆದ ಜಗಳದ ಮೆಸೇಜ್ ಸಂಬಂಧಿಕರ ಗ್ರೂಪ್‌ಗೆ ಹೋಗಿತ್ತು. ಜಗಳ ಅತ್ತೆಯ ಮಗನ ಜೊತೆಗೇ.

ಹಾಗಾಗಿ ಮೊದಲ ದಿನವೇ ಡ್ವೆಲ್ ಹಾಕಬೇಡಿ. ಬರೀ ಓಡಿಸಲಿ. ಪರದೆಯ ನಾಲ್ಕು ಮೂಲೆ ಮುಟ್ಟಲಿ, ಇಸ್ಪೀಟ್ ಆಟದಂಥದ್ದೇನಾದರೂ ಆಡಲಿ. ಆಮೇಲೆ ಒಂದೂವರೆ ಸೆಕೆಂಡ್ ಡ್ವೆಲ್ ಇಡಿ. ಅಭ್ಯಾಸ ಆದ ಮೇಲೆ ಒಂದು ಸೆಕೆಂಡ್. ನಾನು ಈಗಲೂ ಅದಕ್ಕಿಂತ ಕಡಿಮೆ ಮಾಡಿಲ್ಲ.

ಗೇನ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ತಲೆ ಇಷ್ಟು ತಿರುಗಿದರೆ ಕರ್ಸರ್ ಎಷ್ಟು ಓಡಬೇಕು ಅನ್ನುವುದು. ಅಡ್ಡಕ್ಕೆ ಬೇರೆ, ಉದ್ದಕ್ಕೆ ಬೇರೆ ಇಟ್ಟುಕೊಳ್ಳಿ. ತಲೆ ಎಡ-ಬಲಕ್ಕೆ ಸಲೀಸಾಗಿ ತಿರುಗುತ್ತದೆ, ಮೇಲೆ-ಕೆಳಗೆ ಅಷ್ಟಿಲ್ಲ. ಅದಕ್ಕೆ ಉದ್ದದ ಗೇನ್ ಸ್ವಲ್ಪ ಜಾಸ್ತಿ ಇರಲಿ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್' ಅಂತ ಇದೆ, ಅದರ ಟಿಕ್ ತೆಗೆದು ನೋಡಿ. ವೇಗ ಕಂಡ ಹಾಗೆ ಅದು ಕರ್ಸರನ್ನು ಇನ್ನಷ್ಟು ದೂರ ಎಸೆಯುತ್ತದೆ. ನನ್ನ ತಲೆಗೆ ಅದು ಹೊಂದಲಿಲ್ಲ.

ಗಾಲಿಕುರ್ಚಿಗೆ ತಲೆ ಆನಿಸುವ ದಿಂಬು ಇದ್ದರೆ ಕೆಲಸದ ಹೊತ್ತು ಕೆಳಗೆ ಇಳಿಸಿ. ತಲೆ ಅದಕ್ಕೆ ಒರಗಿದರೆ ತಿರುಗುವುದಿಲ್ಲ, ಉರುಳುತ್ತದೆ.

ಕೃಷ್ಣಾತೀರ (ಸೋಮವಾರ ಬೆಳಿಗ್ಗೆ)

ತಲೆ ಯಾಕೆ ಬೇಕು ಈಗ? ಕಣ್ಣಿನಿಂದಲೇ ನಡೆಸುವುದು ಬಂದಿದೆಯಲ್ಲ. ಐಫೋನ್‌ನಲ್ಲಿ 2024ರಿಂದ ಐ ಟ್ರ್ಯಾಕಿಂಗ್ ಇದೆ. ಇಲ್ಲ ಅಂದರೆ ಬಾಯಲ್ಲಿ ಹೇಳಿದರೆ ಸಾಕು, ಎಲ್ಲ ಮಾಡಿಕೊಡುತ್ತೆ. ಸುಮ್ನೆ ಕುತ್ತಿಗೆ ಯಾಕೆ ನೋಯಿಸೋದು?

ಕ್ಯಾಂಪ್ ರೋಡ್

ಕಣ್ಣು ನೆಟ್ಟಗೆ ಹೋಗುವ ಪ್ರಾಣಿ ಅಲ್ಲ ಮಾರಾಯರೇ. ನೀವು ಈ ಸಾಲು ಓದುವಾಗಲೂ ಅದು ಪದದಿಂದ ಪದಕ್ಕೆ ಜಿಗಿಯುತ್ತಿದೆ. ದೊಡ್ಡ ಬಟನ್ ಒತ್ತಲು ಕಣ್ಣು ಸಾಕು. ಸಣ್ಣ ಚೌಕಕ್ಕೆ ಗುರಿ ಇಡಲು ತಲೆಯೇ ವಾಸಿ. ತಲೆಯೂ ಆಡದವರಿಗೆ ಕಣ್ಣಿನ ಸಾಧನ ದೊಡ್ಡ ವರ, ಅದರಲ್ಲಿ ಎರಡು ಮಾತಿಲ್ಲ. ವಿಂಡೋಸ್‌ನಲ್ಲೂ 2017ರಿಂದ ಐ ಕಂಟ್ರೋಲ್ ಇದೆ. ಆದರೆ ಅದಕ್ಕೆ ಬೇರೆ ಟ್ರ್ಯಾಕರ್ ಕೊಳ್ಳಬೇಕು. ಮ್ಯಾಕ್ ಇದ್ದವರಿಗೆ 2020ರಿಂದ ಹೆಡ್ ಪಾಯಿಂಟರ್ ಒಳಗೇ ಬರುತ್ತೆ, ಕ್ಯಾಮೆರಾ ಒಂದಿದ್ದರೆ ಸಾಕು.

ಬನಹಟ್ಟಿ ಮಗ್ಗ

ಬಾಯಲ್ಲಿ ಹೇಳುವ ವಿಚಾರ: ನಾಲ್ಕು ಮಗ್ಗ ಓಡುವ ಮನೆಗೆ ಒಮ್ಮೆ ಬನ್ನಿ ಸರ್. ನಾವು ನಾವೇ ಒಬ್ಬರಿಗೊಬ್ಬರು ಕೈಸನ್ನೆ ಮಾಡುತ್ತೇವೆ.

ಕೃಷ್ಣಾತೀರ

ಹಹ್ಹ, ಒಪ್ಪಿದೆ.

ಬನಹಟ್ಟಿ ಮಗ್ಗ (ಗುರುವಾರ ರಾತ್ರಿ)

ನಾಲ್ಕು ದಿನದ ವರದಿ.

ಮೊದಲ ದಿನ ಏನೂ ಆಗಲಿಲ್ಲ. ತಮ್ಮನ ಮುಖವೇ ಕಪ್ಪಾಗಿ ಕಾಣುತ್ತಿತ್ತು. ಬೆನ್ನ ಹಿಂದೆ ಕಿಟಕಿ, ಹೊರಗೆ ಬಿಸಿಲು. ಮಂಚ ತಿರುಗಿಸಿ, ಎದುರುಗೋಡೆಗೆ ಟ್ಯೂಬ್‌ಲೈಟ್ ಹಾಕಿದೆ. ಆಗ ಸರಿಹೋಯಿತು.

ಎರಡನೇ ದಿನ ಮೂಗಿನ ತುದಿ ಆರಿಸಿದೆವು. ಸ್ವಲ್ಪ ಹೊತ್ತು ಸರಿ ನಡೆದು, ಆಮೇಲೆ ಗುರುತು ಕೆನ್ನೆಗೆ ಜಾರುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಅವ್ವ ಪೂಜೆ ಮುಗಿಸಿ ಬಂದು ಅವನ ಹಣೆಗೆ ವಿಭೂತಿ ಹಚ್ಚಿ, ನಡುವೆ ಕುಂಕುಮದ ಬೊಟ್ಟು ಇಟ್ಟಳು. ದಿನಾ ಇಡುತ್ತಾಳೆ. ನನಗೆ ಅವತ್ತು ಹೊಳೆಯಿತು. ಬಿಳಿ ಪಟ್ಟೆ, ಅದರ ಮೇಲೆ ಕೆಂಪು ಚುಕ್ಕಿ. ಕ್ಯಾಮೆರಾಕ್ಕೆ ಇದಕ್ಕಿಂತ ಗುರುತು ಬೇಕೇ? ಆ ಬೊಟ್ಟನ್ನೇ ಆರಿಸಿದೆವು. ಅಂಟಿಸಿದ ಹಾಗೆ ನಿಂತಿತು. ಅವ್ವ ಕರ್ಸರ್‌ಗೆ ಬಾಣ ಅನ್ನುತ್ತಾಳೆ, ಅವಳಿಗೆ ಖುಷಿಯೋ ಖುಷಿ. "ನೋಡು, ದೇವರು ಬಾಣ ಹಿಡಿದಾನ" ಅಂತ ಓಣಿಗೆಲ್ಲ ಹೇಳಿ ಬಂದಳು. ಮಧ್ಯಾಹ್ನ ಬೆವರು ಬಂದು ಕುಂಕುಮ ಮೂಗಿಗೆ ಇಳಿಯಿತು. ಬಾಣವೂ ಜೊತೆಗೇ ಇಳಿಯಿತು. ಈಗ ಅಂಟಿಸುವ ಕೆಂಪು ಟಿಕಳಿ ತಂದಿದ್ದೇನೆ. ವಿಭೂತಿ ಅವ್ವನದು, ಟಿಕಳಿ ನನ್ನದು.

ಇನ್ನೊಂದು ತೊಂದರೆ ಯಾರೂ ಹೇಳಿರಲಿಲ್ಲ. ಮಗ್ಗ ಓಡುವಾಗ ನೆಲ ನಡುಗುತ್ತದೆ, ಟೇಬಲ್ ನಡುಗುತ್ತದೆ, ಲ್ಯಾಪ್‌ಟಾಪಿನ ಕ್ಯಾಮೆರಾ ನಡುಗುತ್ತದೆ. ತಮ್ಮ ತಲೆ ಕಲ್ಲಿನ ಹಾಗೆ ಹಿಡಿದರೂ ಕರ್ಸರ್ ಜ್ವರ ಬಂದ ಹಾಗೆ ನಡುಗುತ್ತದೆ. ಹಳೇ ಕೌದಿ ನಾಲ್ಕು ಮಡಿಕೆ ಮಾಡಿ ಟೇಬಲ್ ಕಾಲಿನ ಕೆಳಗೆ ಹಾಕಿದೆ. ಅರ್ಧ ಕಡಿಮೆ ಆಯಿತು. ಉಳಿದ ಅರ್ಧಕ್ಕೆ ಸ್ಮೂತಿಂಗ್, ಅಂದರೆ ಕರ್ಸರ್‌ನ ನಡುಕ ತಗ್ಗಿಸುವ ಸೆಟ್ಟಿಂಗ್, ಜಾಸ್ತಿ ಮಾಡಿದೆ. ಆದರೆ ಈಗ ಕರ್ಸರ್ ಸೋಮಾರಿ ಆಗಿದೆ. ತಲೆ ಹೋಗಿ ಮುಟ್ಟಿದ ಮೇಲೆ ಅದು ಹಿಂದಿನಿಂದ ಬರುತ್ತದೆ.

ಮಧ್ಯಾಹ್ನ ಒಮ್ಮೆ ತಲೆನೋವು ಅಂದ. ಬೆವರು ಜಾಸ್ತಿ ಇತ್ತು. ಕುತ್ತಿಗೆ ದಣಿದಿರಬೇಕು ಅಂತ ಮಲಗಿಸಿದೆ.

ಬಾಗಲಕೋಟೆ ಫಿಜಿಯೊ (ಗುರುವಾರ ರಾತ್ರಿ)

ಅಣ್ಣಾ, ಉಳಿದದ್ದೆಲ್ಲ ಆಮೇಲೆ. ಆ ತಲೆನೋವಿನ ಬಗ್ಗೆ ಹೇಳಿ. ಕುತ್ತಿಗೆ ಹಿಂಭಾಗ ನೋವೋ, ತಲೆ ಸಿಡಿಯುವ ಹಾಗೆ ನೋವೋ? ಮುಖ ಕೆಂಪಾಗಿತ್ತಾ? ಮೂತ್ರದ ಪೈಪ್ ಹಾಕಿದ್ದೀರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಬೆನ್ನುಹುರಿಯ ಪೆಟ್ಟು ಟಿ-6 (ಎದೆಯ ಹಿಂದಿನ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲೆ ಇರುವವರಲ್ಲಿ ಬಿಪಿ ದಿಢೀರ್ ಏರುವ ಅಪಾಯ ಇರುತ್ತದೆ. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತ ಹೆಸರು. ಮೂತ್ರ ತುಂಬಿಕೊಂಡಿದ್ದರೆ, ಪೈಪ್ ಮಡಚಿಕೊಂಡಿದ್ದರೆ, ಮಲ ಕಟ್ಟಿದ್ದರೆ, ಎಲ್ಲೋ ಚರ್ಮ ಒತ್ತುತ್ತಿದ್ದರೆ ದೇಹ ಹೀಗೆ ಕೂಗಿ ಹೇಳುತ್ತದೆ. ಕೆಳಗಿನ ನೋವು ಅವರಿಗೆ ಗೊತ್ತಾಗುವುದಿಲ್ಲ, ತಲೆಗೆ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಮಲಗಿಸಬಾರದು. ನೆಟ್ಟಗೆ ಕೂರಿಸಬೇಕು, ಬಿಗಿ ಬಟ್ಟೆ ಸಡಿಲ ಮಾಡಬೇಕು, ಪೈಪ್ ನೋಡಬೇಕು. ಕಾರಣ ಸಿಗದಿದ್ದರೆ, ಇಳಿಯದಿದ್ದರೆ, ಕೂಡಲೇ ಆಸ್ಪತ್ರೆ.

ಬನಹಟ್ಟಿ ಮಗ್ಗ (ಗುರುವಾರ ರಾತ್ರಿ)

ಅಕ್ಕಾ, ಎದೆ ಝಲ್ ಅಂತು. ಪೈಪ್ ತೊಡೆಯ ಕೆಳಗೆ ಸಿಕ್ಕಿತ್ತು. ಹೊರಳಿಸಿ ಮಲಗಿಸುವಾಗ ಬಿಡಿಸಿಕೊಂಡಿತು, ಚೀಲ ಒಮ್ಮೆಗೇ ತುಂಬಿತು. ಆಮೇಲೆ ನೋವು ಇಳಿಯಿತು. ನಾನು ಕಂಪ್ಯೂಟರ್‌ನಿಂದ ಅಂದುಕೊಂಡಿದ್ದೆ.

ಬಾಗಲಕೋಟೆ ಫಿಜಿಯೊ (ಶುಕ್ರವಾರ)

ಅದೃಷ್ಟ. ಡಾಕ್ಟರಿಗೆ ಇದನ್ನು ತಪ್ಪದೇ ಹೇಳಿ. ಇನ್ನು ಮುಂದೆ ಕೆಲಸಕ್ಕೆ ಕೂರಿಸುವ ಮೊದಲು ಪೈಪ್ ನೋಡಿ, ಆಮೇಲೆ ಟಿಕಳಿ ಹಚ್ಚಿ. ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಭಾರ ಬದಲಿಸಿ, ಕುರ್ಚಿ ಹಿಂದಕ್ಕೆ ಬಾಗಿಸಿದರೂ ಆಯಿತು. ಡಿಸೈನ್ ಮೇಲೆ ಮನಸ್ಸು ಹೋದರೆ ಸಮಯ ಗೊತ್ತಾಗುವುದಿಲ್ಲ. ಕುಂಡಿಯ ಮೇಲೆ ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ.

ಈಗ ಕುತ್ತಿಗೆ. ಸಿ-5 ಪೆಟ್ಟಾದವರಿಗೂ ತಲೆ ಯಾಕೆ ತಿರುಗುತ್ತದೆ ಅಂದರೆ, ಆ ಸ್ನಾಯುಗಳ ನರ ಮೇಲಿನಿಂದ ಬರುತ್ತವೆ. ಕಿವಿಯ ಹಿಂದಿನಿಂದ ಎದೆಯ ಮೂಳೆಗೆ ಇಳಿಯುವ ದಪ್ಪ ಹಗ್ಗದಂಥ ಸ್ನಾಯು ಇದೆಯಲ್ಲ, ತಲೆ ತಿರುಗಿಸಿದಾಗ ಎದ್ದು ಕಾಣುತ್ತದೆ. ಅದನ್ನು ನಡೆಸುವುದು ಹನ್ನೊಂದನೇ ಕಪಾಲ ನರ. ಪೆಟ್ಟಿನ ಜಾಗಕ್ಕಿಂತ ಮೇಲಿನದು. ಆದರೆ ಆ ಸ್ನಾಯು ದಿನವಿಡೀ ಮೌಸ್ ನಡೆಸಲು ಆದದ್ದಲ್ಲ. ಮೊದಲ ವಾರ ಹತ್ತು ಹದಿನೈದು ನಿಮಿಷ, ಮಧ್ಯೆ ಬಿಡುವು. ಪರದೆಯ ನಡುಭಾಗ ಕಣ್ಣಿನ ನೇರಕ್ಕೆ ಇರಲಿ. ಲ್ಯಾಪ್‌ಟಾಪ್ ಕೆಳಗಿದ್ದರೆ ಗದ್ದ ಎದೆಗೆ ಬಾಗಿಯೇ ಇರುತ್ತದೆ, ಅದೇ ನೋವಿಗೆ ಮೂಲ. ಆಪರೇಷನ್‌ನಲ್ಲಿ ಪ್ಲೇಟ್ ಹಾಕಿದ್ದರೆ ಎಷ್ಟು ತಿರುಗಿಸಬಹುದು ಅಂತ ಸರ್ಜನ್‌ನ ಕೇಳಿಯೇ ಮುಂದುವರಿಯಿರಿ.

ಎಂಟನೇ ಸೆಮಿಸ್ಟರ್ (ಶನಿವಾರ, ಬೆಳಗಾವಿ)

ನಮಸ್ತೆ. ನಾವು ನಾಲ್ವರು ಸೇರಿ ಇದನ್ನೇ ಪ್ರಾಜೆಕ್ಟ್ ಮಾಡಿದ್ದೆವು. ಟೋಪಿಗೆ ಎಂಪಿಯು-6050 ಅನ್ನುವ ಗೈರೊ ಸೆನ್ಸರ್ ಹೊಲಿದು, ಪ್ರೊ ಮೈಕ್ರೊ ಅನ್ನುವ ಸಣ್ಣ ಸರ್ಕ್ಯೂಟ್ ಬೋರ್ಡ್‌ಗೆ ಜೋಡಿಸಿದ್ದು. ಇದೇ ಜಾತಿಯ ಆರ್ಡ್ವಿನೊ ಊನೊ ಬೋರ್ಡ್ ನೇರವಾಗಿ ಮೌಸ್ ಆಗುವುದಿಲ್ಲ. ಪ್ರೊ ಮೈಕ್ರೊದ ಚಿಪ್ ಯುಎಸ್‌ಬಿಗೆ ತಾನೇ ಮೌಸ್ ಅಂತ ಹೇಳಿಕೊಳ್ಳುತ್ತೆ. ಯಾವ ಸಾಫ್ಟ್‌ವೇರ್ ಹಾಕುವುದೂ ಬೇಡ. ಕ್ಯಾಮೆರಾ ಬೇಡ, ಬೆಳಕು ಬೇಡ, ಟೇಬಲ್ ನಡುಗಿದರೂ ಪರವಾಗಿಲ್ಲ. ನಿಮ್ಮ ಮನೆಗೆ ಇದೇ ಸರಿ ಅನಿಸುತ್ತೆ.

ಗುಮ್ಮಟದ ನೆರಳು

ತಮ್ಮಾ, ಬೇಜಾರಾಗಬೇಡ. ನನ್ನ ಮನೆಗೆ ಇಂಥ ಮೂರು ಟೋಪಿ ಬಂದಿವೆ. ಪ್ರತಿ ವರ್ಷ ಯಾರೋ ಬರುತ್ತಾರೆ, ಫೋಟೊ ತೆಗೆಯುತ್ತಾರೆ, ವೈವಾ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಒಂದು ಟೋಪಿಯಲ್ಲಿ ಕರ್ಸರ್ ತಾನಾಗಿಯೇ ಬಲಕ್ಕೆ ತೆವಳುತ್ತಿತ್ತು. ಹತ್ತಿ ಬಿಡಿಸುವ ಆಳಿಗೆ ಕಾಯುವ ಹಾಗೆ ಅದನ್ನು ಸರಿ ಮಾಡುವವರಿಗೆ ಕಾದೆ.

ಎಂಟನೇ ಸೆಮಿಸ್ಟರ್

ಸರ್, ಮಾತು ಸರಿ ಇದೆ. ನಮ್ಮದೂ ಕಪಾಟಿನಲ್ಲೇ ಇತ್ತು, ಸುಳ್ಳು ಹೇಳಲ್ಲ. ಆ ತೆವಳುವ ತೊಂದರೆ ನಮಗೂ ಬಂತು. ಗೈರೊ ಸುಮ್ಮನಿದ್ದಾಗಲೂ ಸೊನ್ನೆ ಹೇಳುವುದಿಲ್ಲ, ಒಂದು ಚೂರು ತಪ್ಪು ಹೇಳುತ್ತಲೇ ಇರುತ್ತೆ. ಶುರುವಿನಲ್ಲಿ ಎರಡು ಸೆಕೆಂಡ್ ತಲೆ ಅಲ್ಲಾಡಿಸದೆ ಹಿಡಿದು, ಆ ಚೂರನ್ನು ಅಳೆದು ಕಳೆಯಬೇಕು. ಬಿಸಿ ಏರಿದರೆ ಆ ಚೂರು ಬದಲಾಗುತ್ತೆ. ಹಾಗಾಗಿ ಟೋಪಿಯೊಳಗೆ ಕಾದ ಮೇಲೆ ಮತ್ತೆ ಅಳೆಯಬೇಕು. ಒಂದು ಬಟನ್ ಇಟ್ಟರೆ ಸಾಕು. ವಿಜಯಪುರಕ್ಕೂ ಒಂದು ತರಲಾ?

ಗುಮ್ಮಟದ ನೆರಳು

ತಾ. ಜೊತೆಗೆ ಕೋಡ್ ಬರೆದ ಪೆನ್‌ಡ್ರೈವ್ ತಾ. ನೀನು ಬೆಂಗಳೂರಿಗೆ ಹೋದ ಮೇಲೆ ಇಲ್ಲಿ ಯಾರಾದರೂ ನೋಡಲಿ.

ಒತ್ತಕ್ಷರ (ಭಾನುವಾರ, ಗೋಕಾಕ)

ಕನ್ನಡ ಟೈಪಿಂಗ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ವಿಂಡೋಸ್ ಕೀ, ಕಂಟ್ರೋಲ್ ಮತ್ತು ಒ ಒಟ್ಟಿಗೆ ಒತ್ತಿದರೆ ಪರದೆ ಮೇಲೆ ಕೀಬೋರ್ಡ್ ಬರುತ್ತದೆ. ಅದರ ಆಪ್ಷನ್ಸ್‌ನಲ್ಲಿ 'ಹೋವರ್ ಓವರ್ ಕೀಸ್' ಆರಿಸಿ. ಅಕ್ಷರದ ಮೇಲೆ ಕರ್ಸರ್ ನಿಂತರೆ ಸಾಕು, ಒತ್ತಿದ ಹಾಗೆ ಆಗುತ್ತದೆ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನೂ ಅಲ್ಲೇ ಹೊಂದಿಸಬಹುದು. ಭಾಷೆ ಕನ್ನಡ ಮಾಡಿದರೆ ಕೀಬೋರ್ಡ್ ಮೇಲೆ ಕನ್ನಡ ಅಕ್ಷರವೇ ಕಾಣುತ್ತದೆ. ಇನ್‌ಸ್ಕ್ರಿಪ್ಟ್ ಜೋಡಣೆ ಅದು.

ನಮ್ಮ ಒತ್ತಕ್ಷರಕ್ಕೆ ಮಾತ್ರ ತಾಳ್ಮೆ ಬೇಕು. 'ಬನಹಟ್ಟಿ' ಬರೆಯಲು ಏಳು ಸಲ ನಿಲ್ಲಬೇಕು: ಬ, ನ, ಹ, ಟ, ಅರ್ಧಾಕ್ಷರದ ಗುರುತು, ಮತ್ತೆ ಟ, ಗುಡಿಸು. ಪುಣ್ಯಕ್ಕೆ ಇದರಲ್ಲಿ ಶಿಫ್ಟ್ ಇಲ್ಲ. 'ಭ' 'ಠ' ಬಂದರೆ ಶಿಫ್ಟ್ ಬೇರೆ. ನನ್ನ ಅಣ್ಣನ ಮಗಳು ಅದಕ್ಕೇ 'ಭಾನುವಾರ' ಬರೆಯುವುದಿಲ್ಲ, 'ರವಿವಾರ' ಅಂತಾಳೆ. ನಮ್ಮ ಕಡೆ ಮಾತೂ ಹಾಗೇ ಇದೆಯಲ್ಲ, ಯಾರೂ ಕೇಳಲಿಲ್ಲ.

ಉದ್ದ ಬರೆಯುವುದಿದ್ದರೆ ಮಾತಾಡಿ ಬರೆಸಿ, ತಪ್ಪು ತಿದ್ದಲು ಮಾತ್ರ ತಲೆ ಬಳಸಿ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ಮಗ್ಗ ನಿಂತಾಗ, ಅಷ್ಟೇ.

ಪಂಚಾಯ್ತಿ ಕಟ್ಟೆ (ಭಾನುವಾರ)

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದೀರಾ? ಇಲ್ಲದಿದ್ದರೆ ನಿಮ್ಮ ನಗರಸಭೆಯ ಯುಆರ್‌ಡಬ್ಲ್ಯು ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯು (ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು) ಅವರನ್ನು ನೋಡಿ. ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇದ್ದವರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಸಾಧನ ಕೊಡುತ್ತಾರೆ. ಗಾಲಿಕುರ್ಚಿ, ದಿಂಬು ಇಂಥವಕ್ಕೆ ಮೊದಲು ಅರ್ಜಿ ಹಾಕಿ. ಒಳ್ಳೇ ಕುರ್ಚಿ ಇಲ್ಲದೆ ಈ ಮೌಸ್ ಮಾತೇ ಬೇಡ.

ಬನಹಟ್ಟಿ ಮಗ್ಗ

ಕಾರ್ಡ್ ಇದೆ. ಒಂದು ಕಡೆ ಅರ್ಜಿ ಕೊಡಲು ಹೋದಾಗ "ಅವನನ್ನೇ ಕರಕೊಂಡು ಬಾ, ಸಹಿ ಮಾಡಲಿ" ಅಂದರು. ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆವು. ಆ ವಿಚಾರ ಬಿಡಿ, ಬರೆದರೆ ರಾತ್ರಿ ಆಗುತ್ತದೆ.

ಬನಹಟ್ಟಿ ಮಗ್ಗ (ಮೂರು ವಾರದ ನಂತರ)

ತಮ್ಮ ಬರೆಸುತ್ತಿದ್ದಾನೆ, ನಾನು ಟೈಪ್ ಮಾಡುತ್ತಿದ್ದೇನೆ. ಅವನೇ ಬರೆಯಬಹುದಿತ್ತು. "ನನ್ನ ಕುತ್ತಿಗೆ ಡಿಸೈನ್‌ಗೆ ಇಟ್ಟೀನಿ, ಹರಟೆಗೆ ನೀ ಹೊಡಿ" ಅಂದ.

ಬೆಳಗಾವಿ ಹುಡುಗ ಬಸ್ಸಿನಲ್ಲಿ ಬಂದು ಟೋಪಿ ಕೊಟ್ಟು ಹೋದ. ಊಟ ಮಾಡದೆ ಹೊರಟಿದ್ದ, ಅವ್ವ ಬಿಡಲಿಲ್ಲ. ಟೋಪಿಗೆ ಮಗ್ಗದ ನಡುಕ ತಾಗುವುದಿಲ್ಲ. ಹಗಲು ಟೋಪಿ, ರಾತ್ರಿ ಮಗ್ಗ ನಿಂತ ಮೇಲೆ ಟಿಕಳಿ. ಸೆಕೆಗೆ ಟೋಪಿ ಕಿತ್ತು ಬರೀ ಪಟ್ಟಿ ಮಾಡಿದ್ದೇವೆ.

ಕ್ಲಿಕ್ ವಿಚಾರ. ಡ್ವೆಲ್ ಅವನಿಗೆ ಸರಿಬರಲಿಲ್ಲ. ಡಿಸೈನ್ ಮಾಡುವವನು ಹೆಚ್ಚು ಹೊತ್ತು ಸುಮ್ಮನೆ ನೋಡುತ್ತಾ ಕೂರುತ್ತಾನೆ. ಅಷ್ಟರಲ್ಲಿ ಅದು ಚುಕ್ಕಿ ಹಾಕಿಬಿಡುತ್ತದೆ. ನಮ್ಮ ಮಗ್ಗದ ಮೋಟಾರ್ ರಿಪೇರಿ ಮಾಡುವವನು ಒಂದು ಹಳೇ ಮೌಸ್ ಬಿಚ್ಚಿ, ಎಡ ಬಟನ್‌ನ ಎರಡು ಕಾಲಿಗೆ ವೈರ್ ಬೆಸೆದು, ಇನ್ನೊಂದು ತುದಿಗೆ ಕಾಲಿಂಗ್ ಬೆಲ್ಲಿನ ಬಟನ್ ಹಾಕಿಕೊಟ್ಟ. ಅದನ್ನು ಕುರ್ಚಿಯ ಕೈಗೆ ಬಲಮೊಣಕೈ ಎದುರು ಕಟ್ಟಿದ್ದೇವೆ. ತಲೆ ಗುರಿ ಇಡುತ್ತದೆ, ಮೊಣಕೈ ಒತ್ತುತ್ತದೆ. ಒತ್ತುವಾಗ ಭುಜ ಎಳೆದು ತಲೆ ಒಂದು ಚೌಕ ಪಕ್ಕಕ್ಕೆ ಹೋಗುತ್ತಿತ್ತು. ಬಟನ್ ನಾಲ್ಕು ಬೆರಳು ಹಿಂದೆ ಸರಿಸಿದೆವು, ನಿಂತಿತು. ಈ ನಾಲ್ಕು ಬೆರಳು ಹುಡುಕಲು ಎರಡು ದಿನ ಹಿಡಿಯಿತು.

ಚೌಕ ಸಣ್ಣದು ಅಂತ ಹೆದರಿದ್ದೆನಲ್ಲ. ಅವನು ಜೂಮ್ ಮಾಡಿ ಒಂದೊಂದು ಚೌಕವನ್ನು ಹುಣಸೆ ಬೀಜದಷ್ಟು ದೊಡ್ಡದು ಮಾಡಿಕೊಂಡ. ದಡಿಯ ನಮೂನೆ ಎಡಕ್ಕೆ ಬಲಕ್ಕೆ ಒಂದೇ ಇರುವುದರಿಂದ ಅರ್ಧ ತೆಗೆದು ಕನ್ನಡಿ ಹಿಡಿದ ಹಾಗೆ ತಿರುಗಿಸುತ್ತಾನೆ. ಮೊದಲು ಕೈಯಲ್ಲಿ ಮಾಡುವಾಗ ಪೂರ್ತಿ ತೆಗೆಯುತ್ತಿದ್ದ, ಸೋಮಾರಿಗಳು ಮಾತ್ರ ಮಿರರ್ ಒತ್ತುತ್ತಾರೆ ಅನ್ನುತ್ತಿದ್ದ. ಈಗ ಆ ಮಾತು ನೆನಪಿಸಿದರೆ ನಗುತ್ತಾನೆ.

ಒಂದು ದಿನದ ಕೆಲಸಕ್ಕೆ ಆರು ದಿನ ಬೇಕಾಯಿತು. ಗಿರಾಕಿ ಒಬ್ಬರು ಪರಿಚಯದವರು, ಕಾದರು.

ಗೋಮಿ ದಡಿ (ಇಳಕಲ್)

ಯಾವ ದಡಿ ಮೊದಲು ತೆಗೆದ? ನಮ್ಮ ಇಳಕಲ್ ಸೀರೆಯ ಗೋಮಿ ನಮೂನೆಯೋ ಚಿಕ್ಕಿಯೋ?

ಬನಹಟ್ಟಿ ಮಗ್ಗ

ನಿಮ್ಮ ಹೆಸರಿನದೇ, ಗೋಮಿ. ಅದರ ಜೊತೆಗೆ ತನ್ನದೊಂದು ಸಣ್ಣ ಬಳ್ಳಿ ಸೇರಿಸಿದ್ದಾನೆ. ಡಿಸೈನ್‌ನಂತೆ ತೂತು ಹೊಡೆದ ಜಕಾರ್ಡ್ ಕಾರ್ಡ್ ಮಾಡಿಸಿ ಮಗ್ಗಕ್ಕೆ ಏರಿಸಿದೆವು. ಮೊನ್ನೆ ಒಂದು ಮೊಳ ನೇಯ್ದು ತಂದು ಅವನ ತೊಡೆ ಮೇಲೆ ಹಾಸಿದೆ. ನಾನು, ಅವ್ವ, ರಿಪೇರಿಯವನು ಎಲ್ಲ ಚಂದ ಅಂದೆವು. ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ ಗದ್ದದಿಂದ ತೋರಿಸಿದ. ಬಳ್ಳಿಯ ಎಲೆ ಪಕ್ಕ ಒಂದು ಚುಕ್ಕಿ ಹೆಚ್ಚಾಗಿತ್ತು. ಸೀನು ಬಂದಾಗ ಬಿದ್ದದ್ದಂತೆ. ಮಿರರ್ ಮಾಡಿದ್ದರಿಂದ ಆ ಕಡೆಯೂ ಒಂದು ಬಿದ್ದಿದೆ. ದಡಿಯುದ್ದಕ್ಕೂ, ಪ್ರತಿ ಎಲೆಗೂ.

ಗಿರಾಕಿ ನೋಡಿ, ಇರಲಿ ಬಿಡಿ, ಎರಡೂ ಕಡೆ ಇದೆಯಲ್ಲ, ಹೂವಿನ ಮೊಗ್ಗು ಅಂದುಕೊಳ್ಳುತ್ತಾರೆ ಅಂದರು. ತಮ್ಮ ಒಪ್ಪಲಿಲ್ಲ. ಫೈಲ್ ತೆಗೆದು ಸರಿ ಮಾಡುತ್ತೇನೆ ಅಂತ ಪಟ್ಟಿ ಕಟ್ಟಿಸಿಕೊಂಡು ಕೂತ. ಅಷ್ಟರಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಹಳೇ ಬ್ಯಾಟರಿ ಹತ್ತು ನಿಮಿಷವೂ ತಡೆಯುವುದಿಲ್ಲ. ನಾಲ್ಕಕ್ಕೆ ಬರುತ್ತದಂತೆ. ಪಟ್ಟಿ ಬಿಚ್ಚಲಾ ಅಂದರೆ ಬೇಡ ಅಂದ.

ಗುಮ್ಮಟದ ನೆರಳು

ಕರೆಂಟ್ ಬಂದ ಕೂಡಲೇ ಶುರು ಮಾಡಬೇಡ ಅನ್ನು. ಪಟ್ಟಿ ಆಗಲೇ ಬಿಸಿಯಾಗಿರುತ್ತದೆ. ಎರಡು ಸೆಕೆಂಡ್ ತಲೆ ನಿಲ್ಲಿಸಿ, ಆ ಬಟನ್ ಒತ್ತಿ, ಆಮೇಲೆ ಫೈಲ್ ತೆಗೆಯಲಿ.

ಬಾಗಲಕೋಟೆ ಫಿಜಿಯೊ

ಪೈಪ್ ಕೂಡ.